ಗೆರೆ ದಾಟಿದ ನೀಲಿ

ಖಂಡೆಪ್ಪನ ನೌಕರಿ ಒಂದು ಹನಿ ನೀರಿನ ಮೇಲೆ ನಿಂತಿತ್ತು. ಉತ್ಪ್ರೇಕ್ಷೆ ಮಾಡುತ್ತಿಲ್ಲ. ಕುಂಚದ ತುದಿಯಲ್ಲಿ ಆ ಹನಿ ಹೆಚ್ಚಾದರೆ ಬಣ್ಣ ಗೆರೆ ದಾಟಿ ಹರಿಯುತ್ತಿತ್ತು, ಕಡಿಮೆಯಾದರೆ ಕಾಗದದ ಮೇಲೆ ಕಸಬರಿಗೆ ಎಳೆದಂತೆ ಬರೆ ಬೀಳುತ್ತಿತ್ತು. ಸರಿಯಾದ ಹನಿ ಎಷ್ಟು ದೊಡ್ಡದು ಎಂಬುದು ಇಡೀ ಕಲಬುರಗಿಯಲ್ಲಿ ಮಕ್ಸೂದ್ ಸಾಹೇಬರೊಬ್ಬರಿಗೇ ಗೊತ್ತಿತ್ತು. ಗೊತ್ತಿದ್ದೂ ಅವರು ಹೇಳುತ್ತಿಲ್ಲ ಎಂಬುದು ಖಂಡೆಪ್ಪನ ಗುಮಾನಿ.

ನಿಜಾಮ ಸರಕಾರದ ಕಾಲ. ಮಕ್ಸೂದ್ ಸಾಹೇಬರು ನಕ್ಷೆ ಕಚೇರಿಯಲ್ಲಿ ಕೂತು ಮೂವತ್ತು ವರ್ಷದಿಂದ ಹಳ್ಳಿಗಳಿಗೆ ಬಣ್ಣ ತುಂಬುತ್ತಿದ್ದರು. ಕೆರೆಗೆ ನೀಲಿ, ತೋಟಕ್ಕೆ ಹಸಿರು, ಮಳೆ ನಂಬಿದ ಹೊಲಕ್ಕೆ ಹಳದಿ, ಜನ ವಾಸಿಸುವ ಊರಿಗೆ ಕೆಂಪು. ಯಾವ ಬಣ್ಣವೋ ಅದಕ್ಕೆ ತಕ್ಕ ಕಂದಾಯ. ಆ ತಿಂಗಳು ಮುಗಿದರೆ ಸಾಹೇಬರಿಗೆ ಪಿಂಚಣಿ. ಅವರ ಕುರ್ಚಿ ಖಂಡೆಪ್ಪನಿಗೇ ಎಂದು ಕಚೇರಿ ಅಂದುಕೊಂಡಿತ್ತು, ಯಾಕೆಂದರೆ ಆರು ವರ್ಷದಿಂದ ಅವನು ಅದೇ ಕುರ್ಚಿಯ ಪಕ್ಕದ ಚಾಪೆಯ ಮೇಲೆ ಹಂಗಾಮಿ ನಕಲುಗಾರನಾಗಿ ಕೂತಿದ್ದ. ಅವನು ಎಳೆದ ಗೆರೆಯಲ್ಲಿ ಐಬು ಹುಡುಕುವವರು ಇನ್ನೂ ಹುಟ್ಟಿರಲಿಲ್ಲ. ಬಣ್ಣ ಹಚ್ಚುವುದೊಂದೇ ಬಾರದು.

ಎರಡು ವಾರ ಸಾಹೇಬರು ಗಾಜಿಪುರ ಓಣಿಯಲ್ಲಿದ್ದ ಖಂಡೆಪ್ಪನ ಮನೆಗೇ ಬಂದು ಕಲಿಸಿದರು.

"ರಂಗ್ ನೋಡಬ್ಯಾಡ ಬೇಟಾ, ಪಾನಿ ನೋಡು," ಎನ್ನುತ್ತಿದ್ದರು. "ಬುರುಸಿನಾಗ ಎಷ್ಟು ನೀರದ, ಕಾಗದ ಎಷ್ಟು ಕುಡೀತದ, ಗಾಳಿ ಎಷ್ಟು ಕುಡೀತದ, ಮೂರೂ ಹೊಂದಿಸ್ಕೋ. ಹಲಗಿ ಒಂಚೂರು ವಾರಿ ಇಡು. ಹನಿ ಕೆಳಗ ಇಳೀತದ, ನೀ ಅದರ ಬೆನ್ನ ಹತ್ತು. ಅರ್ಧಾ ಒಣಗಿದ್ದರ ಮ್ಯಾಲ ಮಾತ್ರ ಮತ್ತ ಬುರುಸು ಇಡಬ್ಯಾಡ."

"ಅಷ್ಟs ಏನ್ರಿ?"

"ಅಷ್ಟs."

ಅಷ್ಟೇ ಎಂದರೆ ಯಾರು ನಂಬುತ್ತಾರೆ? ಬಟ್ಟಲಿನ ನೀರಿನಲ್ಲೇ ಏನೋ ಬೆರೆಸಿದ್ದಾರೆ ಎಂದು ಖಂಡೆಪ್ಪನಿಗೆ ಅನುಮಾನ ಬಂತು. ಒಮ್ಮೆ ಸಾಹೇಬರು ನಮಾಜಿಗೆ ಎದ್ದಾಗ ಆ ನೀರನ್ನು ಬೆರಳಲ್ಲಿ ಅದ್ದಿ ನೆಕ್ಕಿಯೂ ನೋಡಿದ. ಬರೀ ನೀರಿನ ರುಚಿಯಿತ್ತು. ಅದರಿಂದ ಅನುಮಾನ ಇನ್ನೂ ಹೆಚ್ಚಾಯಿತು.

ಅನುಮಾನದಲ್ಲಿ ಕಚೇರಿಯ ಮೇಲಧಿಕಾರಿ ಮೋಹತಮೀಮ ಸಾಹೇಬರು ಅವನಿಗಿಂತ ಒಂದು ಕೈ ಮೇಲು. ಅವರು ಎರಡು ಗಡಿಯಾರ ಇಟ್ಟುಕೊಂಡಿದ್ದರು, ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಎಂದು. ಖಂಡೆಪ್ಪನಿಗೆ ಕುರ್ಚಿ ಕೊಡುವ ಮಾತು ಬಂದಾಗ ಅವರು ಹೇಳಿದ್ದು ಇಷ್ಟು: "ಕಲಬುರ್ಗ್ಯಾಗ ಹಚ್ಚಿದ್ರ ಮಕ್ಸೂದ್ ಹಚ್ಚಿಕೊಡ್ತಾನ. ಗುರುವಾರ ಕಮಲಾಪುರದಾಗ ನನ್ನ ಮುಕ್ಕಾಂ ಅದ. ಆ ಊರ ನಕ್ಷಾ ಆ ಊರಾಗs ಕೂತು ಹಚ್ಚು. ಹೊತ್ತು ಇಳಿಯೂದರಾಗ ನಾನs ಬಂದು ನೋಡ್ತೀನಿ. ಬಣ್ಣ ಗೆರಿ ಒಳಗಿದ್ರ ಕಾಯಂ. ಹೊರಗ ಹೋದ್ರ ನೀನೂ ಹೊರಗ."

ಖಂಡೆಪ್ಪ ನಕ್ಷೆಯ ಎರಡು ನಕಲು ತೆಗೆದ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ವಿಲಾಯತಿ ಬಣ್ಣದ ಬಿಲ್ಲೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬುಧವಾರ ನಸುಕಿನಲ್ಲಿ ಗಾಡಿ ಹತ್ತಿ, ಮಹಾಗಾಂವ ದಾಟಿ, ಸಂಜೆಗೆ ಕಮಲಾಪುರ ಮುಟ್ಟಿದ. ಅಲ್ಲಿ ಅವನ ಹೆಂಡತಿಯ ತವರು. ಅತ್ತೆ ಸೂಗಮ್ಮ ಅಳಿಯನನ್ನು ಚೆನ್ನಾಗಿಯೇ ಕಾಣುತ್ತಿದ್ದಳು. ಆದರೆ ಅಕ್ಕಪಕ್ಕದವರಿಗೆ ಪರಿಚಯ ಮಾಡಿಕೊಡುವಾಗ "ನಮ್ಮ ಅಳಿಯಂದ್ರು, ಹಂಗಾಮಿ ಇದ್ದಾರ" ಎನ್ನುತ್ತಿದ್ದಳು. ಆ ಮಾತು ನೌಕರಿಗೋ ಸಂಬಂಧಕ್ಕೋ ಎಂದು ಅವನಿಗೆ ಆರು ವರ್ಷದಿಂದ ಗೊತ್ತಾಗಿರಲಿಲ್ಲ. ಒಮ್ಮೆ ಕಾಯಂ ಆಗಿಬಿಟ್ಟರೆ ಸಾಕು, ಈ ಮನೆಯಲ್ಲಿ ತಲೆ ಎತ್ತಿ ಉಣ್ಣಬಹುದು ಎಂದು ಅವನ ಜೀವ ಹಂಬಲಿಸುತ್ತಿತ್ತು.

ಗುರುವಾರ ಬೆಳಿಗ್ಗೆ ಅವನು ಮನೆ ಮುಂದಿನ ಕಟ್ಟೆಯ ಮೇಲೆ ಹಲಗೆ ಇಟ್ಟು, ಅತ್ತೆಯ ಹತ್ತಿರ ನಾಲ್ಕು ಹಿತ್ತಾಳೆ ತಾಟು ಬೇಡಿದ.

"ತಾಟಿನಾಗ ಬಣ್ಣಾ ಕಲಸ್ತೀರಿ?" ಸೂಗಮ್ಮ ಕಣ್ಣು ಸಣ್ಣ ಮಾಡಿದಳು. "ಉಣ್ಣೋ ತಾಟ್ರೀ ಅವು."

"ತೊಳದು ಕೊಡ್ತೀನ್ರಿ ಅತ್ತಿ."

"ತೊಳದ್ರ ಹೋಗ್ತದೋ ಇಲ್ಲೋ. ಕಾಯಂ ಆದಮ್ಯಾಲ ಹೊಸಾವ ತಂದು ಕೊಡ್ರಿ," ಎಂದು ಅವಳು ತಾಟು ಕೊಟ್ಟು ಒಳಗೆ ಹೋದಳು.

ಖಂಡೆಪ್ಪ ನೀಲಿ ತೇಯ್ದ. ಕುಂಚ ಅದ್ದಿದ. ಹಲಗೆ ವಾರೆ ಮಾಡಿ, ಕೆರೆಯ ಮೇಲಿನ ಅಂಚಿನಿಂದ ಮೊದಲ ಪಟ್ಟೆ ಎಳೆದ. ಚೆನ್ನಾಗಿ ಬಂತು. ಎರಡನೆಯ ಪಟ್ಟೆ ಮೊದಲನೆಯದರ ಹಸಿ ಅಂಚಿಗೆ ಕೂಡಿ ಸದ್ದಿಲ್ಲದೆ ಬೆರೆಯಿತು. ಅವನ ಎದೆ ಉಬ್ಬಿತು. ಅಷ್ಟರಲ್ಲಿ ಕುಡಗೋಲು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟಿದ್ದ ದೌಲಪ್ಪ ಕಟ್ಟೆಯ ಮುಂದೆ ನಿಂತ.

"ಏನ್ರೀ ಅಳಿಯಂದ್ರs, ಏನ್ ನಡಸೀರಿ?"

"ಏನಿಲ್ಲ ಕಾಕಾ. ಊರ ನಕ್ಷಾಕ ಬಣ್ಣಾ ಹಚ್ಚಾಕತ್ತೀನಿ."

ಸರಕಾರದ ಮನುಷ್ಯ ಏನಿಲ್ಲ ಎಂದನೆಂದರೆ ಏನೋ ಇದೆ ಎಂದೇ ತಿಳಿಯಬೇಕು. ದೌಲಪ್ಪ ಕುಡಗೋಲು ಕೆಳಗಿಟ್ಟು ಕಟ್ಟೆ ಹತ್ತಿ ಕೂತ. ಖಂಡೆಪ್ಪ ಮೂರನೆಯ ಪಟ್ಟೆಗೆ ಕುಂಚವನ್ನು ಧಾರಾಳವಾಗಿ ತುಂಬಿಕೊಂಡ. ಬಣ್ಣ ಇಳಿದು ಇಳಿದು ಕೆಳಗಿನ ಗೆರೆಯ ಮೇಲೆ ದಪ್ಪ ಹನಿಯಾಗಿ ನಿಂತಿತು.

"ಆ ಗೆರಿ ಏನ್ರಿ?"

"ಕೆರಿ ಒಡ್ಡು."

"ಅದರ ಕೆಳಗಿನ ಹೊಲಾ ಯಾರ್ದು?"

"ನೋಡ್ತೀನಿ ತಡೀರಿ," ಎಂದು ಖಂಡೆಪ್ಪ ನಂಬರು ಓದಲು ಬಗ್ಗಿದ. ಬಗ್ಗುವಾಗ ಹಲಗೆ ಒಂದು ಬೆರಳಷ್ಟು ಎದ್ದಿತು. ಹನಿ ಒಡ್ಡು ಒಡೆದುಕೊಂಡು ಕೆಳಗಿಳಿದು ಹೊಲದ ತುಂಬ ಕಾಲು ಚಾಚಿತು.

"ನಂಬರ ಮೂವತ್ತೇಳು," ಎಂದ ಖಂಡೆಪ್ಪ.

"ಅದು ನಂದು!" ದೌಲಪ್ಪ ಎದ್ದು ನಿಂತ. "ನನ್ನ ಹೊಲಾ ಕೆರ್ಯಾಗ ಹಾಕಿದ್ರಿ?"

"ಇಲ್ಲ ಕಾಕಾ, ಇದು ಬರೀ ನೀರು."

"ನೀರಂತ ನಾನೂ ಹೇಳಾಕತ್ತೀನಿ! ಒಡ್ಡು ಎತ್ತರಿಸ್ತಾರ ಅಂತ ಮಂದಿ ಅಂತಿದ್ರು, ನಾ ನಂಬಿದ್ದಿಲ್ಲ. ತೊಗರಿ ಕೊಯ್ಯೋತನಕಾರ ತಡೀಬಾರದೇನ್ರಿ?"

"ಕಾಕಾ, ಇದು ಕೆಟ್ಟ ನಕ್ಷಾ. ಖರೇ ಅಲ್ಲ."

"ಖರೇ ಅಲ್ಲಂದ್ರ ನನ್ನ ಹೊಲದ ನಂಬರ ಅದರಾಗ ಹ್ಯಾಂಗ ಬಂತು?"

ಖಂಡೆಪ್ಪ ಗಾಬರಿಯಲ್ಲಿ ಧೋತರದ ಸೆರಗು ತೆಗೆದು ಹಸಿ ನೀಲಿಯ ಮೇಲೆ ಒತ್ತಿದ. ಸೆರಗು ಹೊಲದ ನೀಲಿಯ ಜೊತೆಗೆ ಅರ್ಧ ಕೆರೆಯನ್ನೂ ಕುಡಿದುಬಿಟ್ಟಿತು. ಅದೇ ಹೊತ್ತಿಗೆ ದೌಲಪ್ಪನ ಕೂಗು ಕೇಳಿ ಮಲ್ಕಮ್ಮ ಓಡಿ ಬಂದಳು. ಅವಳದು ಕೆರೆಯ ನೀರಿನಲ್ಲಿ ಬೆಳೆಯುವ ಕೆಂಪು ಬಾಳೆಯ ತೋಟ.

"ಅಯ್ಯ ನನ್ನಪ್ಪ, ಕೆರೀನs ಬತ್ತಿಸಿದ್ರಲ್ರೀ!" ಅವಳು ಬಿಳಿಯಾಗಿದ್ದ ಜಾಗಕ್ಕೆ ಬೆರಳು ತೋರಿಸಿದಳು. "ಅವನ ಹೊಲಾ ಉಳಸಾಕ ನಮ್ಮ ತೋಟಾ ಒಣಗಸ್ತೀರಿ? ಎಷ್ಟು ದಿನದಿಂದ ನಡದದ ಇದು?"

"ನಾ ಏನ್ ಮಾಡೀನಿ?" ಎಂದು ದೌಲಪ್ಪ ಗುಡುಗಿದ.

"ಹೊತ್ತು ಹುಟ್ಟೂದರಾಗ ಬಂದು ಕಟ್ಟಿ ಮ್ಯಾಲ ಕೂತಿ. ಸುಮ್ಮನ ಕೂತಿಯೇನು?"

ಇಬ್ಬರೂ ಒಬ್ಬರನ್ನೊಬ್ಬರು ನೋಡುವ ರೀತಿಗೆ ಹೆದರಿ, ಖಂಡೆಪ್ಪ ಕುಂಚ ಅದ್ದಿ ಕೆರೆಯನ್ನು ಮತ್ತೆ ತುಂಬಲು ಹೋದ. ಅಲ್ಲಿ ಉಳಿದಿದ್ದ ನೀಲಿ ಆಗಲೇ ಅರ್ಧ ಒಣಗಿತ್ತು. ಹೊಸ ನೀರು ಬಿದ್ದದ್ದೇ ತಡ, ಹಳೆಯ ಬಣ್ಣ ಅದಕ್ಕೆ ಅಂಜಿ ಸುತ್ತಲೂ ಸರಿಯಿತು. ನಟ್ಟನಡುವೆ ಅಂಕುಡೊಂಕು ಅಂಚಿನ ತೆಳ್ಳಗಿನ ಒಂದು ಬೋಳು ಜಾಗ ಎದ್ದು ನಿಂತಿತು. ಅಷ್ಟರಲ್ಲಿ ಕಟ್ಟೆಯ ಸುತ್ತ ಹದಿನೈದು ಮಂದಿ ಸೇರಿದ್ದರು. ಅವರ ಹೆಗಲುಗಳ ನಡುವಿನಿಂದ ಅಮೋಘಪ್ಪ ತಲೆ ತೂರಿಸಿದ.

"ಸಿಗ್ತು!" ಎಂದ ಅಮೋಘಪ್ಪ. "ನಮ್ಮ ಮುತ್ಯಾ ಹೇಳ್ತಿದ್ದ, ಕೆರ್ಯಾಗ ನಮ್ದೊಂದು ದಿಬ್ಬ ಮುಣಗ್ಯಾದ ಅಂತ. ಯಾರೂ ನಂಬ್ತಿದ್ದಿಲ್ಲ. ನೋಡ್ರಿ, ಸರಕಾರಕ್ಕ ಗೊತ್ತದ!"

"ಅದು ದಿಬ್ಬ ಅಲ್ರಿ, ನೀರು ಒಣಗೂ ಮುಂಚೆ..."

"ನೀರು ಒಣಗಿದ್ರ ದಿಬ್ಬ ಬರಬೇಕಲ್ಲ ಮತ್ತ? ಮುತ್ಯಾನೂ ಅದs ಅಂತಿದ್ದ." ಅಮೋಘಪ್ಪ ರುಮಾಲು ಸರಿಮಾಡಿಕೊಂಡ. "ಇದನ್ನ ಬ್ಯಾರೆ ಯಾರರ ತಮ್ಮ ಹೆಸರಿಗಿ ಬರಸೂ ಮುಂಚೆ ನಾ ಮೋಹತಮೀಮ ಸಾಹೇಬರು ಇಳಕೊಂಡ ಬಂಗ್ಲೆಕ್ಕ ಹೋಗಿ ಅರ್ಜಿ ಕೊಟ್ಟು ಬರ್ತೀನಿ."

ಅವನು ಹೋದ ಹಿಂದೆಯೇ ಅವನ ದಾಯಾದಿಗಳು ಇಬ್ಬರು, ಮುತ್ಯಾ ತಮಗೂ ಮುತ್ಯಾನೇ ಎಂದು ಜಗಳ ತೆಗೆದರು. ಮಲ್ಕಮ್ಮ ತನ್ನ ತೋಟಕ್ಕೆ ಹಸಿರು ಹಚ್ಚಬಾರದು, ಹಳದಿಯೇ ಸಾಕು, ಕಂದಾಯ ಕಟ್ಟಿ ಕಟ್ಟಿ ಸೋತಿದ್ದೇನೆ ಎಂದಳು. ಇನ್ನೊಬ್ಬ ತನ್ನ ಎರೆಹೊಲಕ್ಕೆ ಹಸಿರೇ ಬೇಕೆಂದ. ಮಗನಿಗೆ ಹೆಣ್ಣು ಕೊಡುವವರು ಬಂದು ನಕ್ಷೆ ನೋಡಲಿ ಎಂದು ಅವನ ಆಸೆ. ಪ್ರತಿಯೊಬ್ಬರೂ ಕುಂಚದ ತುದಿಯನ್ನೇ ನೋಡುತ್ತಿದ್ದರು. ಖಂಡೆಪ್ಪ ಕುಂಚ ಎತ್ತಿದರೆ ಉಸಿರು ಹಿಡಿಯುತ್ತಿದ್ದರು, ಇಳಿಸಿದರೆ ಪಕ್ಕದವನ ಮುಖ ನೋಡುತ್ತಿದ್ದರು.

ಖಂಡೆಪ್ಪನಿಗೆ ಈಗ ಹೊಸ ಅನುಮಾನ ಹೊಳೆಯಿತು. ಇವರನ್ನು ಮೋಹತಮೀಮರೇ ಕಳಿಸಿರಬೇಕು, ತನ್ನ ಕೈ ನಡುಗುತ್ತದೋ ಇಲ್ಲವೋ ನೋಡಲು. ಹಾಗೆ ಅನಿಸಿದ ಕೂಡಲೇ ಅವನು ಕುಂಚವನ್ನು ಎರಡೂ ಕೈಯಲ್ಲಿ ಹಿಡಿದ.

ಒಳಗಿನಿಂದ ಇದನ್ನೆಲ್ಲ ನೋಡುತ್ತಿದ್ದ ಸೂಗಮ್ಮನಿಗೆ ತಡೆಯಲಾಗಲಿಲ್ಲ. ಹಂಗಾಮಿಯೋ ಏನೋ, ಅಳಿಯ ಅಳಿಯನೇ. ಇಷ್ಟು ಮಂದಿಯ ಕಣ್ಣು ಒಬ್ಬನ ಮೇಲೆ ಬಿದ್ದರೆ ಅವನು ಏಳುವುದುಂಟೇ? ಅವಳು ತಾಟಿನಲ್ಲಿ ಅರಿಷಿಣ, ಸುಣ್ಣ ಕದಡಿ ಕೆಂಪು ನಿವಾಳಿ ನೀರು ಮಾಡಿಕೊಂಡು ಬಂದು, ಅಳಿಯನ ಮುಖದ ಮುಂದೆ ಮೂರು ಸಲ ಸುತ್ತಿದಳು. ಆ ನೀರನ್ನು ಕೂಡಲೇ ಹೋಗಿ ಮೂರು ದಾರಿ ಕೂಡುವಲ್ಲಿ ಚೆಲ್ಲಿ ಬರಬೇಕು. ಆದರೆ ಅಷ್ಟರಲ್ಲಿ ಮಲ್ಕಮ್ಮ, "ಯಾರ ಕಣ್ಣು ಅಂತೀಯವ್ವ, ನಂದೇನು?" ಎಂದು ಕೇಳಿದಳು. ಅಂಥ ಪ್ರಶ್ನೆಗೆ ತಾಟು ಹಿಡಿದುಕೊಂಡು ಉತ್ತರ ಕೊಡಲು ಆಗುವುದಿಲ್ಲ. ಸೂಗಮ್ಮ ತಾಟನ್ನು ಕಟ್ಟೆಯ ಮೇಲೆ ಇಟ್ಟು ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಂತಳು.

ಖಂಡೆಪ್ಪ ಜಗಳದ ಕಡೆಗೆ ನೋಡಲಿಲ್ಲ. ಕೆರೆ ಕೆಟ್ಟಿದ್ದರೂ ಊರನ್ನಾದರೂ ನೆಟ್ಟಗೆ ತುಂಬೋಣ ಎಂದು ಕುಂಚ ತೊಳೆದು, ಕೈಗೆ ಸಿಕ್ಕ ಕೆಂಪಿನ ತಾಟಿನಲ್ಲಿ ಅದ್ದಿ, ಊರಿನ ಮೇಲೆ ಎಳೆದ. ಬಣ್ಣ ಅದ್ಭುತವಾಗಿ ಕೂತಿತು. ಅಂಚಿನಿಂದ ಅಂಚಿಗೆ ಒಂದೇ ಸಮ.

"ಅದು ನಿವಾಳಿ ನೀರು!" ಮಲ್ಕಮ್ಮ ಕಿಟಾರನೆ ಕಿರುಚಿದಳು. "ಊರ ಮ್ಯಾಲ ನಿವಾಳಿ ಹಚ್ಚಿದ್ನಲ್ರೋ!"

ಜನ ಒಮ್ಮೆಗೇ ಕಟ್ಟೆಯಿಂದ ಹಿಂದೆ ಹಾರಿದರು. ಕಂದಾಯ ಹೆಚ್ಚಾದರೆ ಹೇಗೋ ಕಟ್ಟಬಹುದು. ಅಳಿಯನಿಂದ ಇಳಿಸಿದ ದೃಷ್ಟಿಯನ್ನೆಲ್ಲ ಮನೆ, ಗುಡಿ, ಬಾವಿ ಸಮೇತ ಊರಿಗೆ ಬಳಿದರೆ ಯಾರ ಹತ್ತಿರ ಹೋಗುವುದು? ಮಲ್ಕಮ್ಮ ತನ್ನ ಮನೆ ಎಲ್ಲಿದೆ ಎಂದು ದೂರದಿಂದಲೇ ಕೇಳಿದಳು. ಅದೂ ಕೆಂಪಿನಲ್ಲೇ ಇತ್ತು.

"ಮುಟ್ಟಬ್ಯಾಡ್ರಿ ಯಾರೂ," ಎಂದ ದೌಲಪ್ಪ. "ನಿವಾಳಿ ಎಲ್ಲಿ ಹೋಗಬೇಕೋ ಅಲ್ಲೇ ಹೋಗಲಿ."

ಅವನು ಎರಡು ತೊಗರಿ ಕಟ್ಟಿಗೆಯಿಂದ ನಕ್ಷೆಯನ್ನು ಎತ್ತಿ, ಮುಖ ಅತ್ತ ತಿರುಗಿಸಿಕೊಂಡು, ಮೂರು ದಾರಿ ಕೂಡುವಲ್ಲಿಗೆ ಒಯ್ದು ನೆಲಕ್ಕೆ ಬಿಟ್ಟ. ಗಾಳಿಗೆ ಊರೊಳಗೆ ಹಾರಿ ಬಂದೀತೆಂದು ಮೇಲೊಂದು ಕಲ್ಲು ಹೇರಿದ. ಎಲ್ಲರೂ ಕಾಲು ತೊಳೆಯಲು ತಮ್ಮ ತಮ್ಮ ಮನೆಗೆ ಹೋದರು. ಖಂಡೆಪ್ಪನ ಮುಂದೆ ಉಳಿದದ್ದು ಒಂದು ಖಾಲಿ ನಕಲು, ಇಳಿಯಲು ತೊಡಗಿದ ಹೊತ್ತು, ಮತ್ತು ಅತ್ತೆ.

ಅವನಿಗೆ ಅಳು ಬಂತು. ಗಂಡಸು ಕಟ್ಟೆಯ ಮೇಲೆ ಕೂತು ಅಳಬಾರದೆಂದು ಬಾಯಿ ಬಿಗಿಹಿಡಿದು ಅಂಗಳ ನೋಡುತ್ತ ಕೂತ. ಅಷ್ಟು ಮಂದಿ ತುಳಿದು ಹೋಗಿದ್ದ ಅಂಗಳವನ್ನು ಸೂಗಮ್ಮ ಸಗಣಿ ನೀರಿನಿಂದ ಸಾರಿಸಲು ಕೂತಿದ್ದಳು. ಗೋಡೆಯ ಕಡೆಯಿಂದ ಸುರುಮಾಡಿ, ಒಂದು ಪಟ್ಟೆ ಬಳಿದು, ಅದರ ಅಂಚು ಇನ್ನೂ ಹಸಿಯಿರುವಾಗಲೇ ಮುಂದಿನ ಪಟ್ಟೆ ಕೂಡಿಸಿ, ಹಿಂದೆ ಹಿಂದೆ ಸರಿಯುತ್ತಿದ್ದಳು. ಅಂಗಳ ಸ್ವಲ್ಪ ಇಳಿಜಾರು. ಹೆಚ್ಚಾದ ನೀರು ಅವಳ ಅಂಗೈಯ ಮುಂದೆ ಮುಂದೆ ಇಳಿದು ಬರುತ್ತಿತ್ತು, ಅವಳು ಅದನ್ನೇ ಹಿಡಿದು ಮುಂದಿನ ಪಟ್ಟೆ ಎಳೆಯುತ್ತಿದ್ದಳು. ಗೋಡೆಯ ಹತ್ತಿರ ಒಂದು ಕೋಳಿ ಹೆಜ್ಜೆ ಮೂಡಿಸಿ ಹೋಯಿತು. ಖಂಡೆಪ್ಪ ಅದನ್ನು ತೋರಿಸಿದ.

"ಇರಲಿ ಬಿಡ್ರಿ," ಎಂದಳು ಸೂಗಮ್ಮ ತಲೆ ಎತ್ತದೆ. "ಅರ್ಧಾ ಆರಿದ್ದರ ಮ್ಯಾಲ ಕೈ ಇಟ್ರ ಮಚ್ಚಿ ಬೀಳ್ತದ. ಪೂರಾ ಆರಲಿ, ಆಮ್ಯಾಲ ನೋಡ್ತೀನಿ."

ಖಂಡೆಪ್ಪ ಕೂತಲ್ಲಿಂದ ಎದ್ದು ನಿಂತ. ಮಕ್ಸೂದ್ ಸಾಹೇಬರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಆ ಪುಣ್ಯಾತ್ಮ ಹೇಳಿದ್ದೆಲ್ಲ ಇಲ್ಲಿ ಅಂಗಳದಲ್ಲಿ ಬಿದ್ದಿತ್ತು. ತಾನು ಎರಡು ವಾರ ಗುಟ್ಟು ಹುಡುಕುವುದರಲ್ಲಿ ನೀರು ನೋಡುವುದನ್ನೇ ಬಿಟ್ಟಿದ್ದ. ನಾಚಿಕೆಯೂ ಸಂತೋಷವೂ ಒಟ್ಟಿಗೇ ಬಂದವು.

ಅವನು ಹೊಸ ನಕಲನ್ನು ಹಲಗೆಗೆ ಬಿಗಿದ. ಕುಂಚ ಅದ್ದಿ, ತಾಟಿನ ಅಂಚಿಗೆ ಒಮ್ಮೆ ಒರಸಿ, ಕೈಯ ತೂಕ ನೋಡಿಕೊಂಡು ಮೊದಲ ಪಟ್ಟೆ ಎಳೆದ. ಅಂಚಿನಲ್ಲಿ ಹನಿ ಕೂಡಿತು. ಆ ಹನಿಯನ್ನು ಮುಂದಿಟ್ಟುಕೊಂಡು ಎರಡನೆಯದು, ಮೂರನೆಯದು. ಒಡ್ಡಿನ ಹತ್ತಿರ ಬಂದಾಗ ಕುಂಚವನ್ನು ಬಟ್ಟೆಗೆ ಒತ್ತಿ ಬಾಯಾರಿಸಿ, ಉಳಿದ ಹನಿಯನ್ನು ಅದಕ್ಕೆ ಕುಡಿಸಿದ. ನೀಲಿ ಗೆರೆಯ ಹತ್ತಿರ ಬಂದು ನಿಂತಿತು. ಆಮೇಲೆ ಅವನು ಕೆರೆಯ ಕಡೆ ತಿರುಗಿಯೂ ನೋಡಲಿಲ್ಲ. ಅದು ಪೂರ್ತಿ ಒಣಗುವ ತನಕ ಕೈ ಕಟ್ಟಿ ಕೂತು, ನಂತರ ಮಲ್ಕಮ್ಮನ ತೋಟಕ್ಕೆ ಹಸಿರು, ಹೊಲಗಳಿಗೆ ಹಳದಿ, ಕೊನೆಗೆ ಅತ್ತೆಯನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಬಿಲ್ಲೆಯ ಕೆಂಪನ್ನೇ ಊರಿಗೆ ಹಚ್ಚಿದ. ಹಳೆಯ ದಫ್ತರದಲ್ಲಿ ಏನಿತ್ತೋ ಅದೇ, ಒಂದು ಕೂದಲೂ ಆಚೀಚೆ ಇಲ್ಲ.

ಜನ ಮೆಲ್ಲಗೆ ಮತ್ತೆ ಬಂದರು. ಮೊದಲು ದೌಲಪ್ಪ ಕತ್ತು ಉದ್ದ ಮಾಡಿ ತನ್ನ ಹೊಲ ಒಣಗಿರುವುದನ್ನು ನೋಡಿದ. ಮಲ್ಕಮ್ಮ ಕೆರೆ ತುಂಬಿದ್ದನ್ನು ನೋಡಿ, ಹಸಿರಿನ ಮಾತು ಎತ್ತದೆ, "ಇದ್ದದ್ದು ಇದ್ದಂಗ ಇದ್ರ ಸಾಕಪ್ಪ," ಎಂದಳು. ಬಂಗ್ಲೆಯಿಂದ ತಿರುಗಿ ಬಂದಿದ್ದ ಅಮೋಘಪ್ಪ ದಿಬ್ಬದ ನಡುಗಡ್ಡೆ ಮಾಯವಾದದ್ದಕ್ಕೆ ಸಿಟ್ಟಾಗಲಿಲ್ಲ. ಮಧ್ಯಾಹ್ನದೊಳಗೆ ಅದಕ್ಕೆ ಹನ್ನೊಂದು ಪಾಲುದಾರರು ಹುಟ್ಟಿದ್ದರು, ಅವರಲ್ಲೊಬ್ಬ ಅವನ ರುಮಾಲು ಕಿತ್ತಿದ್ದ.

"ಈಗೇನೋ ಸರಿ ಅದ," ಎಂದ ದೌಲಪ್ಪ. "ನಾವು ಅತ್ತ ಹೋದಮ್ಯಾಲ ಮತ್ತ ಬದಲ ಮಾಡಾಂಗಿಲ್ಲಂತ ಏನು ಗ್ಯಾರಂಟಿ?"

ಎಲ್ಲರಿಗೂ ಅದೇ ಅನುಮಾನವಿತ್ತು. ಒಬ್ಬೊಬ್ಬರಾಗಿ ಬಂದು ನೀಲಿಯ ತಾಟಿನಲ್ಲಿ ಹೆಬ್ಬೆರಳು ಅದ್ದಿ ನಕ್ಷೆಯ ಅಂಚಿನ ಖಾಲಿ ಜಾಗದಲ್ಲಿ ಒತ್ತಿದರು. ಇಪ್ಪತ್ತಮೂರು ಹೆಬ್ಬಟ್ಟು. ಖಂಡೆಪ್ಪ ಬೇಡವೆನ್ನಲಿಲ್ಲ. ಊರೇ ಒಪ್ಪಿದ ನಕ್ಷೆ ಎಂದರೆ ಮೋಹತಮೀಮರು ಇನ್ನೇನು ಹೇಳಿಯಾರು? ಸೂಗಮ್ಮ ಬಾಗಿಲಲ್ಲಿ ನಿಂತು ಪಕ್ಕದವಳಿಗೆ "ನಮ್ಮ ಅಳಿಯಂದ್ರು, ನಕ್ಷಾದವರು," ಎಂದದ್ದು ಅವನ ಕಿವಿಗೆ ಬಿತ್ತು. ಅವಳು ಹಂಗಾಮಿ ಎನ್ನಲಿಲ್ಲ. ಅಷ್ಟು ಸುಖವನ್ನು ಅವನು ಆರು ವರ್ಷದಲ್ಲಿ ಉಂಡಿರಲಿಲ್ಲ.

ಆಗ ಮೂರು ದಾರಿಯ ಕಡೆಯಿಂದ ಮೋಹತಮೀಮ ಸಾಹೇಬರು ನಡೆದು ಬಂದರು. ಹಿಂದೆ ಒಬ್ಬ ಬರಹಗಾರ, ಒಬ್ಬ ಚಪರಾಸಿ. ಸಾಹೇಬರ ಕೈಯಲ್ಲಿ ಕಲ್ಲಿನ ಕೆಳಗಿದ್ದ ನಕ್ಷೆ.

ಜನ ಒಂದು ಹೆಜ್ಜೆ ಹಿಂದೆ ಸರಿದರು. ಸಾಹೇಬರು ನಕ್ಷೆಯನ್ನು ಚಾಚಿ ಹಿಡಿದು ಮುಂದೆ ಬಂದರು. ಜನ ಮೂರು ಹೆಜ್ಜೆ ಹಿಂದೆ ಹೋದರು.

"ಕ್ಯಾ ಬಾತ್ ಹೈ? ಯಾಕ ಅಂಜ್ತೀರಿ ಇದಕ್ಕ?"

ಕಮಲಾಪುರದ ದೃಷ್ಟಿಯೆಲ್ಲ ತಮ್ಮ ಕೈಯಲ್ಲಿದೆ ಸ್ವಾಮಿ ಎಂದು ಅಂಥ ಸಾಹೇಬರಿಗೆ ಹೇಳುವ ಗಂಡೆದೆ ಯಾರಿಗಿತ್ತು?

"ಹುಜೂರ್, ಅದು ಕೆಟ್ಟದ್ರಿ," ಖಂಡೆಪ್ಪ ಓಡಿ ಬಂದು ಹೊಸ ನಕ್ಷೆ ಮುಂದೆ ಹಿಡಿದ. "ಇದು ನೋಡ್ರಿ."

ಸಾಹೇಬರು ಭೂತಗನ್ನಡಿ ತೆಗೆದು ಕೆರೆಯ ಅಂಚನ್ನು ಉದ್ದಕ್ಕೂ ನೋಡಿದರು. ತೋಟ ನೋಡಿದರು, ಊರು ನೋಡಿದರು. "ಬಹುತ್ ಖೂಬ್," ಎಂದರು. "ಮಕ್ಸೂದನೂ ಇಷ್ಟು ಸಾಫ್ ಹಚ್ಚಾಂಗಿಲ್ಲ."

ಖಂಡೆಪ್ಪನಿಗೆ ಕುರ್ಚಿಯ ಕಾಲು, ಕೈ, ಬೆನ್ನು ಎಲ್ಲ ಕಣ್ಣ ಮುಂದೆ ಬಂದವು. ಸಾಹೇಬರ ಗಾಜು ಅಂಚಿಗೆ ಬಂದು ನಿಂತಿತು.

"ಇವು ಏನು?"

"ಊರವರ ಹೆಬ್ಬಟ್ಟು ಹುಜೂರ್. ನಕ್ಷಾ ಸರಿ ಅದ ಅಂತ ಒಪ್ಯಾರ."

"ಎಲ್ಲಾರೂ? ಖುಷೀಲೆ?"

"ಎಲ್ಲಾರೂ ಖುಷೀಲೆ ಹುಜೂರ್."

ಸಾಹೇಬರು ಒಂದು ಗಡಿಯಾರ ನೋಡಿದರು, ಇನ್ನೊಂದನ್ನೂ ನೋಡಿದರು. ನಂತರ ಮೆಲ್ಲಗೆ ಹೇಳಿದರು: "ಇಪ್ಪತ್ತೆಂಟು ವರ್ಷ ನೌಕರಿ ಮಾಡೀನಿ. ನಕ್ಷಾ ನೋಡಿ ಖುಷಿಯಾದ ರೈತ ಒಬ್ಬಾಂವನೂ ಸಿಕ್ಕಿಲ್ಲ. ಇಲ್ಲಿ ಇಪ್ಪತ್ತಮೂರು ಮಂದಿ. ಒಂದು ನಕ್ಷಾ ಊರವರು ಕಲ್ಲು ಹೇರಿ ಮುಚ್ಚಿಟ್ಟಾರ. ಇನ್ನೊಂದಕ್ಕ ಹೆಬ್ಬಟ್ಟು ಒತ್ಯಾರ. ಖರೇದು ಯಾವುದು, ನೀನs ಹೇಳು."

"ಹುಜೂರ್, ಅದರಾಗ ನೀರು ಹೆಚ್ಚಾಗಿ..."

"ಕೆರ್ಯಾಗ ನಡುಗಡ್ಡಿ ಅದ ಅಂತ ಬೆಳಿಗ್ಗಿ ಅರ್ಜಿ ಕೊಟ್ಟಾಂವ ಎಲ್ಲಿ?"

ಅಮೋಘಪ್ಪ ಜನರ ಹಿಂದೆ ಕುಗ್ಗಿದ. "ನಡುಗಡ್ಡಿ ಇಲ್ರಿ ಸರಕಾರ. ನಂದs ತಪ್ಪಾತು."

"ಬೆಳಿಗ್ಗಿ ಇತ್ತು, ಈಗ ಇಲ್ಲ. ಈ ನಕ್ಷಾದಾಗ ಅದ, ಆ ನಕ್ಷಾದಾಗ ಇಲ್ಲ." ಸಾಹೇಬರು ಬರಹಗಾರನಿಗೆ ಸನ್ನೆ ಮಾಡಿದರು. "ನಂಬರ ಮೂವತ್ತೇಳು ಯಾರ್ದು?"

"ನಂದ್ರಿ," ದೌಲಪ್ಪ ಕೈ ಮುಗಿದ. "ಒಣಾ ಹೊಲಾರೀ ಸರಕಾರ, ಬಂದು ನೋಡ್ರಿ, ತೊಗರಿ ನಿಂತದ."

"ಈಗ ಒಣಾ. ಮಳಿಗಾಲದಾಗ?"

"ಮಳಿಗಾಲದಾಗ ಎಲ್ಲಾರ ಹೊಲಾನೂ ತೊಯ್ತಾವ್ರಿ..."

"ಒಪ್ಕೊಂಡ. ಬರಕೋ."

ಖಂಡೆಪ್ಪ ಸಾಹೇಬರ ಕಾಲಿಗೇ ಬಿದ್ದ. "ಹುಜೂರ್, ನನ್ನ ಕೈ ತಪ್ಪುರಿ ಅದು! ಬುರುಸಿನಾಗ ನೀರು ಹೆಚ್ಚಾಗಿತ್ತು, ಗೆರಿ ದಾಟ್ತು. ದೇವರಾಣಿ, ಅದು ಬರೀ ತಪ್ಪು!"

ಸಾಹೇಬರು ಹೊಸ ನಕ್ಷೆಯನ್ನು ಅವನ ಮುಖದ ಮುಂದೆ ಹಿಡಿದರು. "ಇಷ್ಟು ಸಾಫ್ ಹಚ್ಚೋ ಕೈ, ಅಷ್ಟು ತಪ್ಪು ಮಾಡ್ತದ ಅಂದ್ರ ನಾ ನಂಬಬೇಕೇನು?"

ಜೀವಮಾನದಲ್ಲಿ ಒಮ್ಮೆ ನೆಟ್ಟಗೆ ಹಚ್ಚಿದ ಬಣ್ಣ ಖಂಡೆಪ್ಪನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

"ತನಿಖಿ ಆಗಬೇಕು," ಸಾಹೇಬರು ಹೆಬ್ಬಟ್ಟಿನ ನಕ್ಷೆಯನ್ನು ಎರಡಾಗಿ ಹರಿದು ಚಪರಾಸಿಯ ಕೈಗೆ ಕೊಟ್ಟರು. "ಕಲ್ಲಿನ ಕೆಳಗ ಸಿಕ್ಕ ಈ ಖರೇ ನಕ್ಷಾದ ಆರು ನಕಲು ಬೇಕು, ಹೈದ್ರಾಬಾದಿನತನಕಾ ಹೋಗ್ತದ. ನೀರು ಎಲ್ಲಿ ಹರದದ ಅಲ್ಲೇ ಹರೀಬೇಕು, ನಡುಗಡ್ಡಿ ಎಷ್ಟದ ಅಷ್ಟs ಇರಬೇಕು. ಒಂದು ಕೂದಲೆಳಿ ಫರಕ್ ಬಂದ್ರ ರೊಕ್ಕಾ ತಿಂದಿ ಅಂತ ಬರೀತೀನಿ. ತನಿಖಿ ಮುಗಿಯೂತನಕಾ ಹಂಗಾಮಿ."

"ತನಿಖಿ ಎಂದ ಮುಗೀತದ್ರಿ ಹುಜೂರ್?"

"ನಿನ್ನ ನಕಲು ಮುಗಿದಮ್ಯಾಲ ಸುರು ಆಗ್ತದ. ಈಗs ಒಂದು ಹಚ್ಚು, ನಾ ನೋಡ್ತೀನಿ."

ಚಪರಾಸಿ ಹೊಸ ಕಾಗದ ಬಿಚ್ಚಿಕೊಟ್ಟ. ಕಟ್ಟೆಯ ಮೇಲೆ ಇನ್ನೂ ಬಿಸಿಲಿತ್ತು. ಖಂಡೆಪ್ಪ ಗೆರೆ ಎಳೆದು, ಕುಂಚವನ್ನು ತಾಟಿನಲ್ಲಿ ಮುಳುಗಿಸಿ, ಸೋರುವಷ್ಟು ನೀಲಿ ತುಂಬಿ ಕೆರೆಯ ಮೇಲೆ ಬಿಟ್ಟ. ಬಣ್ಣ ಇಳಿದು ಬಂದು ಒಡ್ಡಿನ ಗೆರೆಗೆ ತಾಗಿ ನಿಂತಿತು. ಅವನು ಇನ್ನಷ್ಟು ಸುರಿದ. ಹನಿ ಕಡಲೆ ಕಾಳಿನಷ್ಟು ಉಬ್ಬಿತು, ದಾಟಲಿಲ್ಲ. ಹಲಗೆ ಎತ್ತಿದ, ಅಲುಗಾಡಿಸಿದ, ಕೊನೆಗೆ ಬಗ್ಗಿ ಊದಿಯೂ ನೋಡಿದ.

"ನಿಮ್ಮ ಕಾಲು ಬೀಳ್ತೀನಿ, ದಾಟಸಬ್ಯಾಡ್ರಿ," ಹಿಂದಿನಿಂದ ದೌಲಪ್ಪ ಗೋಗರೆದ.

"ಬೇಕಂತ ನಿಲ್ಲಿಸ್ಯಾನ, ಬರಕೋ," ಎಂದರು ಸಾಹೇಬರು.

ಬರಹಗಾರ ಬರೆದುಕೊಂಡ. ಸೂಗಮ್ಮ ಬಾಗಿಲಲ್ಲಿ ನಿಂತಿದ್ದ ಪಕ್ಕದವಳಿಗೆ, "ಹಂಗಾಮಿ ಇದ್ದಾರ," ಎಂದು ಹೇಳಿ ತನ್ನ ತಾಟುಗಳನ್ನು ತೊಳೆಯಲು ಒಯ್ಯಲು ಬಂದಳು. ನೀಲಿಯ ತಾಟೊಂದನ್ನು ಮಾತ್ರ ಸಾಹೇಬರು ಕೊಡಲಿಲ್ಲ, ಅದನ್ನು ಪುರಾವೆ ಎಂದು ಜಪ್ತಿ ಮಾಡಿದರು. ಹಲಗೆಯ ಮೇಲಿನ ಹನಿ ಇದಾವುದಕ್ಕೂ ಕದಲದೆ ಗೆರೆಯ ಒಳಗೇ ಒಣಗತೊಡಗಿತು.